ಪುಟ್ಟಿಯ ಸ್ಪ್ಯಾನಿಶ್ ಕ್ಲಾಸು

ಡಲ್ಲಾಸ್, ಟೆಕ್ಸಸ್
ಭಾನುವಾರ ಬೆಳಗ್ಗೆ

ತೀರ್ಥರೂಪು ಅಪ್ಪನಿಗೆ ನಮಸ್ಕಾರಗಳು.

ನಾವೆಲ್ಲ ಚೆನ್ನಾಗಿದ್ದೇವೆ. ಮೊನ್ನೆ ಫೋನಿನಲ್ಲಿ ನೀವು ಮೂರು ಸಲ ಕೇಳಿದಿರಿ, ನಾನು ಮೂರು ಸಲ ಕೂಗಿದೆ, ಆದರೂ ನಿಮಗೆ "ಪ್ಯಾನಿಕ್" ಅಂತ ಕೇಳಿಸಿತು. ಪ್ಯಾನಿಕ್ ಅಲ್ಲ ಅಪ್ಪ, ಸ್ಪ್ಯಾನಿಶ್. ಪುಟ್ಟಿ ಒಂಬತ್ತನೇ ಕ್ಲಾಸಿಗೆ ಬಂದಳಲ್ಲ, ಈ ವರ್ಷ ಸ್ಪ್ಯಾನಿಶ್ ತಗೊಂಡಿದ್ದಾಳೆ. "ಸಿಲಬಸ್ ಏನು, ಅದನ್ನು ಹೇಳು" ಅಂದಿರಿ. ರಿಟೈರ್ ಆಗಿ ಹದಿನೈದು ವರ್ಷವಾದರೂ ಮೇಷ್ಟ್ರ ಬುದ್ಧಿ ಹೋಗಿಲ್ಲ ನೋಡಿ. ಅದಕ್ಕೇ ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ.

ಯಾಕೆ ಸ್ಪ್ಯಾನಿಶ್ ಅಂತ ಮೊದಲು. ಟೆಕ್ಸಸ್‌ನಲ್ಲಿ ಹೈಸ್ಕೂಲು ಮುಗಿಸಬೇಕಾದರೆ ಇಂಗ್ಲಿಷ್ ಬಿಟ್ಟು ಇನ್ನೊಂದು ಭಾಷೆಯನ್ನು ಎರಡು ವರ್ಷದಷ್ಟು ಓದಬೇಕು. ಅಮೆರಿಕದಲ್ಲಿ ಮನೆಯಲ್ಲಿ ಸ್ಪ್ಯಾನಿಶ್ ಮಾತಾಡುವವರು 4 ಕೋಟಿಗೂ ಜಾಸ್ತಿ. 1836ರವರೆಗೆ ಟೆಕ್ಸಸ್ ಮೆಕ್ಸಿಕೋಗೆ ಸೇರಿತ್ತು, ಅದಕ್ಕೂ ಮೊದಲು ಸ್ಪೇನಿನ ಕೈಯಲ್ಲಿತ್ತು. ಇಲ್ಲಿ ಅಮರಿಲ್ಲೊ ಅಂತ ಒಂದು ಊರಿದೆ. ಹಾಗಂದರೆ ಹಳದಿ ಅಂತ ಪುಟ್ಟಿ ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಹತ್ತು ವರ್ಷದಿಂದ ಬೋರ್ಡು ಓದುತ್ತಿದ್ದೇನೆ, ಸುಮ್ನೆ ಒಂದು ಹೆಸರು ಅಂದುಕೊಂಡಿದ್ದೆ.

ಹೋದ ವಾರ ಸ್ಕೂಲಿನಲ್ಲಿ ಅಪ್ಪ ಅಮ್ಮಂದಿರನ್ನು ಕರೆದಿದ್ದರು. ಸಂಜೆ ಹೊತ್ತು, ಒಂದೊಂದು ಕ್ಲಾಸಿಗೆ ಹತ್ತೇ ನಿಮಿಷ. ಮಕ್ಕಳ ಡೆಸ್ಕಿನಲ್ಲಿ ಮಂಡಿ ಮಡಚಿ ಕೂತಿದ್ದೆವು. ಟೀಚರ್ ಬಂದವರೇ ಸ್ಪ್ಯಾನಿಶ್‌ನಲ್ಲಿ ಶುರು ಮಾಡಿಬಿಟ್ಟರು. ಒಂದು ಪದ ಇಂಗ್ಲಿಷ್ ಇಲ್ಲ. ಕೈ ತೋರಿಸಿ, ಗಡಿಯಾರ ತೋರಿಸಿ, ಗೋಡೆಯ ಮೇಲಿನ ಮ್ಯಾಪ್ ತೋರಿಸಿ ಮಾತಾಡಿದರು. ಐದು ನಿಮಿಷ ಆದಮೇಲೆ "ಎಷ್ಟು ಅರ್ಥವಾಯಿತು?" ಅಂತ ಇಂಗ್ಲಿಷ್‌ನಲ್ಲಿ ಕೇಳಿದರು. ಅವರ ಹೆಸರು, ಊರು, ಮನೆಯಲ್ಲಿ ಎರಡು ನಾಯಿ ಇರುವುದು, ಎಲ್ಲ ನಮಗೆ ಗೊತ್ತಾಗಿತ್ತು! ಕ್ಲಾಸೂ ಹೀಗೇ ನಡೆಯುತ್ತದಂತೆ. ಇಲ್ಲಿನ ಭಾಷಾ ಮೇಷ್ಟ್ರುಗಳ ಸಂಘವೊಂದಿದೆ, ಆಕ್ಟ್‌ಫಲ್ ಅಂತ. ಕ್ಲಾಸಿನಲ್ಲಿ ನೂರಕ್ಕೆ 90 ಭಾಗ ಕಲಿಯುವ ಭಾಷೆಯಲ್ಲೇ ಮಾತು ನಡೆಯಬೇಕು ಅನ್ನುವುದು ಅವರ ಸಲಹೆ.

ಆಮೇಲೆ ಒಂದು ಹಾಳೆ ಕೊಟ್ಟರು. ನೀವು ಕೇಳಿದ ಸಿಲಬಸ್ ಅದೇ. ಆದರೆ ಪಾಠ ಒಂದು, ಪಾಠ ಎರಡು ಅಂತ ಇಲ್ಲ. ಎಲ್ಲ ವಾಕ್ಯವೂ "ನನಗೆ ಬರುತ್ತದೆ" ಅಂತ ಮುಗಿಯುವ ಥರ ಇದೆ. ನನ್ನ ಹೆಸರು, ವಯಸ್ಸು, ಊರು ಹೇಳಲು ಬರುತ್ತದೆ. ಗಂಟೆ ಎಷ್ಟು ಅಂತ ಕೇಳಲು ಬರುತ್ತದೆ. ಮನೆಯವರ ಬಗ್ಗೆ ನಾಲ್ಕು ಮಾತು ಹೇಳಲು, ಅಂಗಡಿಯಲ್ಲಿ ರೇಟು ಕೇಳಲು, ಹೋಟೆಲಿನ ಮೆನು ಓದಲು ಬರುತ್ತದೆ. ವರ್ಷವಿಡೀ ಇಷ್ಟೇನಾ ಅಂತ ಒಬ್ಬರು ಕೇಳಿಯೇಬಿಟ್ಟರು. ಟೀಚರ್ ನಕ್ಕು ಹೌದು ಅಂದರು. ಆ ಸಂಘ ಭಾಷೆ ಬಲ್ಲವರನ್ನು ಐದು ಮೆಟ್ಟಿಲಾಗಿ ಮಾಡಿದೆ, ಮೊದಲನೆಯದಕ್ಕೆ ನಾವಿಸ್ ಅಂತ ಹೆಸರು. ಆ ಮೆಟ್ಟಿಲಲ್ಲೇ ಮತ್ತೆ ಮೂರು ಭಾಗ. ಒಂದು ವರ್ಷಕ್ಕೆ ಮಧ್ಯದ ಭಾಗ ಮುಟ್ಟಿದರೆ ಸಾಕು, ಇನ್ನೂ ಸ್ವಲ್ಪ ಮೇಲೆ ಹೋದರೆ ಸಂತೋಷ. ಆ ಮಟ್ಟದಲ್ಲಿ ಮಕ್ಕಳು ಬಾಯಿಪಾಠ ಆದ ಪದ, ಚಿಕ್ಕ ಚಿಕ್ಕ ವಾಕ್ಯ ಇಷ್ಟರಲ್ಲೇ ಮಾತಾಡುತ್ತಾರೆ. ತಪ್ಪು ಬೇಕಾದಷ್ಟು ಬರುತ್ತದೆ. ಕೇಳುವವರಿಗೆ ವಿಷಯ ತಿಳಿದರೆ ಮಾರ್ಕ್ಸ್ ಉಂಟು.

ನನಗೆ ನನ್ನ ಸಂಸ್ಕೃತ ನೆನಪಾಯಿತು. ಎಸ್ಸೆಸ್ಸೆಲ್ಸಿಯಲ್ಲಿ 125ಕ್ಕೆ 121. ನೀವು ಮಲ್ಲೇಶ್ವರದಲ್ಲೆಲ್ಲ ಪೇಡಾ ಹಂಚಿದಿರಿ. ರಾಮಃ ರಾಮೌ ರಾಮಾಃ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ಉತ್ತರ ಬರೆದಿದ್ದು ಮುಕ್ಕಾಲು ಭಾಗ ಕನ್ನಡದಲ್ಲಿ. ಸಂಸ್ಕೃತದಲ್ಲಿ ಒಂದು ಲೋಟ ನೀರು ಕೇಳು ಅಂದಿದ್ದರೆ ಬಾಯಾರಿಕೊಂಡೇ ಇರುತ್ತಿದ್ದೆ. ಅದೇ ನೀವು ತಮಿಳು ಕಲಿತಿದ್ದು ಎಲ್ಲಿ? ಶ್ರೀರಾಂಪುರದ ಬಾಡಿಗೆ ಮನೆಯಲ್ಲಿ, ಪಕ್ಕದ ಮನೆಯವರ ಜೊತೆ ನಲ್ಲಿ ಕ್ಯೂನಲ್ಲಿ ನಿಂತು. ಯಾರೂ ಮಾರ್ಕ್ಸ್ ಕೊಡಲಿಲ್ಲ, ಇವತ್ತಿಗೂ ಮರೆತಿಲ್ಲ.

ಹಾಳೆಯ ಹಿಂದೆ ರೂಲ್ಸು. ದಿನಾ ಇಪ್ಪತ್ತು ನಿಮಿಷ ಹೋಂವರ್ಕ್. ಕ್ಲಾಸಿನಲ್ಲಿ ಬಾಯಿ ಬಿಡಲೇಬೇಕು, ಅದಕ್ಕೂ ಮಾರ್ಕ್ಸ್. ಫೋನಿನಲ್ಲಿ ಅನುವಾದ ಮಾಡಿ ಬರೆದರೆ ಸೊನ್ನೆ. ಒಂಬತ್ತನೇ ಕ್ಲಾಸಿನ ಮಗು ಇದ್ದಕ್ಕಿದ್ದಂತೆ ದೊಡ್ಡ ಸಾಹಿತಿ ಥರ ಬರೆದರೆ ಗೊತ್ತಾಗದೇ ಇರುತ್ತದಾ ಅಂದರು ಟೀಚರ್.

ಒಂದು ಮಾತ್ರ ನನಗೆ ಹಿಡಿಸಲಿಲ್ಲ. ಕ್ರಿಯಾಪದದ ಟೇಬಲ್ ಕೊಡುವುದು ತುಂಬ ನಿಧಾನ. ಮೊದಲು ಕಿವಿಗೆ ಬೀಳಲಿ ಅನ್ನುತ್ತಾರೆ. ಕ್ಲಾಸಿನಲ್ಲಿ 28 ಮಕ್ಕಳು, ಪೀರಿಯಡ್ 45 ನಿಮಿಷ. ಒಬ್ಬೊಬ್ಬರ ಪಾಲಿಗೆ ಎಷ್ಟು ಮಾತು ಬರುತ್ತದೆ, ನೀವೇ ಭಾಗಿಸಿ. ಹಾಗಾಗಿ ಟೇಬಲ್ ನಾನೇ ಬರೆದು ಫ್ರಿಡ್ಜಿಗೆ ಅಂಟಿಸಿದೆ. ನಿಮ್ಮ ಮಗಳಲ್ವಾ.

ಮಜಾ ಏನು ಗೊತ್ತಾ ಅಪ್ಪ, ಇಲ್ಲಿಯ ಮಕ್ಕಳಿಗೆ ಕಷ್ಟವಾಗುವ ಜಾಗದಲ್ಲಿ ಪುಟ್ಟಿಗೆ ಕನ್ನಡ ಕೈ ಹಿಡಿಯುತ್ತದೆ. ಅವರ ಬಾಯಲ್ಲಿ ಟ, ಡ ಬರುತ್ತದೆ, ಸ್ಪ್ಯಾನಿಶ್‌ಗೆ ಬೇಕಾಗಿರುವುದು ನಮ್ಮ ತ, ದ. ಙ ಞ ಯಾಕೆ ಕಲಿಯಬೇಕು, ಎಲ್ಲೂ ಬರಲ್ಲ ಅಂತ ನಾನು ಅಳುತ್ತಿದ್ದೆ, ನೆನಪಿದೆಯಾ? ಆ ಞ ಇಲ್ಲಿ ಬಂತು. ಎನ್ ಅಕ್ಷರದ ಮೇಲೆ ಒಂದು ಅಲೆ ಹಾಕುತ್ತಾರೆ, ಅದೇ ಞ. "ಆಞೊ" ಅಂದರೆ ವರ್ಷ. ಅಲೆ ಮರೆತರೆ ಅರ್ಥ ಕೆಟ್ಟುಹೋಗುತ್ತದೆ, ಏನಂತ ಇಲ್ಲಿ ಬರೆಯಲಾರೆ, ಅಮ್ಮ ಪತ್ರ ಜೋರಾಗಿ ಓದಿಸುತ್ತಾಳೆ.

ನಿಮ್ಮನ್ನು ನಾನು ನೀವು ಅಂತೀನಿ, ಅಮ್ಮನನ್ನು ನೀನು. ಅವರಲ್ಲೂ ಹಾಗೇ, "ಉಸ್ತೆದ್", "ತು". ಇಂಗ್ಲಿಷ್ ಮಕ್ಕಳಿಗೆ ಇದೇ ಒಂದು ಪಾಠ.

ಬುಧವಾರ ಸಂಜೆ ನಾನು ಪಲ್ಯಕ್ಕೆ ಹೆಚ್ಚುತ್ತಿದ್ದೆ, ಅವಳು ಊಟದ ಮೇಜಿನ ಮೇಲೆ ಹೋಂವರ್ಕ್ ಹರಡಿಕೊಂಡು ಗೊಣಗುತ್ತಿದ್ದಳು. "ಮೆ ಗುಸ್ತಾ" ಅಂದರೆ ಇಷ್ಟ. ಆದರೆ "ನಾನು" ಎಲ್ಲಿ? ನಾನು ಇಷ್ಟಪಡುತ್ತೇನೆ ಅಂತ ತಾನೇ ಇರಬೇಕು? ಅಂದಳು. ದೋಸೆ ಬಗ್ಗೆ ಕನ್ನಡದಲ್ಲಿ ಹೇಳು ಅಂದೆ. "ನನಗೆ ದೋಸೆ ಇಷ್ಟ." ಹೇಳಿ ಅಲ್ಲೇ ನಿಂತಳು. ಪೆನ್ಸಿಲ್ ಕೆಳಗಿಟ್ಟಳು. "ನನಗೆ! ಮೆ!" ಅಂತ ಕೂಗಿದಳು. ಆಮೇಲೆ ಅವಳದೇ ತನಿಖೆ ಶುರುವಾಯಿತು. ಸ್ಪ್ಯಾನಿಶ್‌ನಲ್ಲಿ "ಇರುವುದು" ಅನ್ನಲು ಎರಡು ಕ್ರಿಯಾಪದ, ಯಾವುದು ಯಾವಾಗ ಅಂತ ಎಲ್ಲರೂ ತಲೆ ಕೆರೆದುಕೊಳ್ಳುತ್ತಾರೆ. "ತಾತ ಮೇಷ್ಟ್ರು" ಅನ್ನಲು ನಮಗೆ ಕ್ರಿಯಾಪದವೇ ಬೇಡ, "ತಾತ ಮನೆಯಲ್ಲಿ ಇದ್ದಾರೆ" ಅನ್ನಲು ಬೇಕು. ಅಲ್ಲೂ ಹೆಚ್ಚುಕಡಿಮೆ ಅದೇ ಗೆರೆ. ಎಲ್ಲ ಕಡೆ ಸರಿಹೋಗಲ್ಲ, ಆದರೂ ಅವಳಿಗೆ ಹಿಡಿಯಲು ಒಂದು ಕೊಂಬೆ ಸಿಕ್ಕಿತು.

ಕೈ ಕೊಡುವುದು ಲಿಂಗದಲ್ಲಿ. ನಮಗೆ ಮೇಜು, ಪುಸ್ತಕ ಎಲ್ಲ "ಅದು". ಅವರಿಗೆ ಮೇಜು ಹೆಣ್ಣು, ಪುಸ್ತಕ ಗಂಡು. ಪದದ ಕೊನೆಗೆ ಓ ಬಂದರೆ ಗಂಡು, ಆ ಬಂದರೆ ಹೆಣ್ಣು ಅಂತ ಕಲಿತರೆ, ಕೈ ಅನ್ನುವ "ಮಾನೊ" ಹೆಣ್ಣು, ದಿನ ಅನ್ನುವ "ದೀಯಾ" ಗಂಡು. ಇದಕ್ಕೆ ಬಾಯಿಪಾಠ ಬಿಟ್ಟರೆ ದಾರಿ ಇಲ್ಲ.

ಅವತ್ತು ಹೆಚ್ಚುತ್ತಿದ್ದ ತರಕಾರಿ ಸೀಮೆಬದನೆ. ತಮಿಳರು ಬೆಂಗಳೂರು ಕತ್ತರಿಕಾಯ್ ಅನ್ನುತ್ತಾರಲ್ಲ, ಅದೇ. ಅದರ ಮೂಲ ಮೆಕ್ಸಿಕೋ ಕಡೆಯದು, ಚಯೋತೆ ಅಂತ ಹೆಸರು. ಮೆಕ್ಸಿಕನ್ ಅಂಗಡಿಯಲ್ಲಿ ರಾಶಿ ಹಾಕಿರುತ್ತಾರೆ. ನಿನ್ನೆ ಪುಟ್ಟಿಯನ್ನೇ ಮುಂದೆ ಬಿಟ್ಟೆ. ಎರಡು ನಿಮಿಷ ತುಟಿ ಆಡಿಸಿ, ಕೊನೆಗೆ "ಕ್ವಾಂತೊ ಕ್ವೆಸ್ತಾ?" ಅಂದಳು. ಅಂಗಡಿಯಾಕೆ "ದೋಸ್ ಪೋರ್ ಉನ್ ದೋಲಾರ್" ಅಂದರು. ಡಾಲರ್‌ಗೆ ಎರಡು. ಇವಳಿಗೆ ದೋಸೆ ಅಂತ ಕೇಳಿಸಿ ನನ್ನ ಮುಖ ನೋಡಿದಳು. ಆಕೆ ಎರಡು ಬೆರಳು ತೋರಿಸಿ ಮತ್ತೆ ನಿಧಾನವಾಗಿ ಹೇಳಿದರು. ನಾವು ಆರು ಕಾಯಿ ತಗೊಂಡೆವು, ಬೇಕಾಗಿದ್ದು ಎರಡೇ. ಕಾರಿನಲ್ಲಿ ಮನೆ ಬರುವವರೆಗೂ ಅದೇ ವಾಕ್ಯ ಹೇಳಿಕೊಂಡಳು.

ಈಗ ನಿಮ್ಮಿಂದ ಎರಡು ಕೆಲಸ ಆಗಬೇಕು. ಮೊದಲನೆಯದು, ನಿಮ್ಮ ಅಮ್ಮನ ಫೋಟೊ ಒಂದನ್ನು ವಾಟ್ಸಾಪ್ ಮಾಡಿಸಿ. ನವೆಂಬರ್ 1, 2 ಮೆಕ್ಸಿಕೋದಲ್ಲಿ ಹಿರಿಯರನ್ನು ನೆನೆಯುವ ಹಬ್ಬ. ನಮ್ಮ ಮಹಾಲಯ ಅಮಾವಾಸ್ಯೆ ಥರ, ಅವರಿಗೆ ಇಷ್ಟವಾದ ತಿಂಡಿ ಇಟ್ಟು, ಚೆಂಡುಹೂವಿನಿಂದ ಅಲಂಕಾರ ಮಾಡುತ್ತಾರೆ. ಕ್ಲಾಸಿನಲ್ಲಿ ಎಲ್ಲರೂ ಒಂದೊಂದು ಫೋಟೊ ಇಡುತ್ತಾರಂತೆ. ಅಜ್ಜಿಗೆ ಏನಿಷ್ಟ ಅಂತ ಪುಟ್ಟಿ ಕೇಳುತ್ತಿದ್ದಾಳೆ. ಕೋಡುಬಳೆ ಅಂದೆ. ಸರಿ ತಾನೇ?

ಎರಡನೆಯದು ಸ್ವಲ್ಪ ಕಷ್ಟದ್ದು. ಹೋದ ಸಲ ಬಂದಾಗ ಅವಳು "ತಾತ ಬಂದಳು" ಅಂದಳು, ನೆನಪಿದೆಯಾ? ನೀವು ನಕ್ಕಿರಿ, ಅಣ್ಣ ನಕ್ಕ, ನಾನಂತೂ ಎಲ್ಲರಿಗಿಂತ ಜಾಸ್ತಿ ನಕ್ಕೆ. ಆಮೇಲೆ ಮೂರು ವಾರ ಅವಳು ಬರೀ ಇಂಗ್ಲಿಷ್‌ನಲ್ಲಿ ಮಾತಾಡಿದಳು, ನಾವು ಗಮನಿಸಲೇ ಇಲ್ಲ. ಈ ಟೀಚರ್ ಮಕ್ಕಳು ತಪ್ಪು ಹೇಳಿದರೆ ತಪ್ಪು ಅನ್ನುವುದಿಲ್ಲ. ಅದೇ ಮಾತನ್ನು ಸರಿಯಾಗಿ ತಾವೇ ಒಂದು ಸಲ ಹೇಳಿ, ಮುಂದಿನ ಪ್ರಶ್ನೆ ಕೇಳುತ್ತಾರೆ. ಡಿಸೆಂಬರ್‌ನಲ್ಲಿ ಬಂದಾಗ ನೀವೂ ಹಾಗೇ ಮಾಡಿ. "ತಾತ ಬಂದಳು" ಅಂದರೆ, "ಹೌದು, ತಾತ ಬಂದರು, ಏನು ತಂದರು ನೋಡು" ಅನ್ನಿ. ಅಣ್ಣನಿಗೂ ಹೇಳಿ. ನಾನು ಇಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, ನಾಲಿಗೆ ಕಚ್ಚಿಕೊಳ್ಳುವುದೇ ಕಷ್ಟ.

ಅಮ್ಮನಿಗೆ ಮಂಡಿನೋವು ಹೇಗಿದೆ? ಎಂಟನೇ ಕ್ರಾಸಿಗೆ ಒಬ್ಬಳೇ ತರಕಾರಿಗೆ ಹೋಗುವುದು ಬೇಡ ಅನ್ನಿ.

ನಿಮ್ಮ ಮಗಳು

ಮರೆತಿದ್ದೆ: ರಜೆಯಲ್ಲಿ ಮನೆಯ ಹಿರಿಯರೊಬ್ಬರ ಬಗ್ಗೆ ಐದು ವಾಕ್ಯ ಬರೆದುಕೊಂಡು ಬರಬೇಕಂತೆ. ನಿಮ್ಮನ್ನೇ ಆರಿಸಿಕೊಂಡಿದ್ದಾಳೆ. "ಕೋಮೊ ಸೆ ಯಾಮಾ?" ಅಂತ ಹೆಸರು ಕೇಳುತ್ತಾಳೆ. "ಮೆ ಯಾಮೊ" ಅಂತ ಹೇಳಿ ನಿಮ್ಮ ಹೆಸರು ಸೇರಿಸಿದರೆ ಆಯಿತು. ಕಿವಿ ಮಿಷನ್ ಹಾಕಿಕೊಂಡು ಕೂತುಕೊಳ್ಳಿ.