ಅಜ್ಜಿ ಎಂದೆಯಲ್ಲ, ಅವರ ಬಗ್ಗೆ: ಮಗಳಿಗೊಂದು ಪತ್ರ

ಬದಿಯಡ್ಕ

ಪ್ರೀತಿಯ ಮಗಳಿಗೆ ಅಮ್ಮನ ಆಶೀರ್ವಾದಗಳು.

ಮೊನ್ನೆ ಭಾನುವಾರ ನೀನು ಚೆನ್ನೈಯಿಂದ ಫೋನ್ ಮಾಡಿದಾಗ, ನಿನ್ನ ಕೋಣೆಯ ಗೆಳತಿ ‘ಮನ್ನನ್’ ಸಿನಿಮಾದ ಅಮ್ಮನ ಹಾಡನ್ನು ನೋಡುತ್ತಾ ಅತ್ತಳೆಂದು ಹೇಳಿ, “ಆ ಅಜ್ಜಿ ನಮ್ಮ ರಾಜ್‌ಕುಮಾರ್ ಸಿನಿಮಾದಲ್ಲಿಯೂ ಇದ್ದರಲ್ಲ, ಯಾರಮ್ಮಾ ಅವರು?” ಎಂದು ಕೇಳಿದೆ. ನಾನು ಹೆಸರು ಹೇಳುವಷ್ಟರಲ್ಲಿ ಮಳೆಗೆ ಫೋನ್ ಕಡಿದುಹೋಯಿತು. ಅವರು ಪಂಢರಿಬಾಯಿ. ಹೆಸರೊಂದನ್ನೇ ಹೇಳಿ ಸುಮ್ಮನಿರಲು ಮನಸ್ಸು ಒಪ್ಪಲಿಲ್ಲವಾದ್ದರಿಂದ ಈ ಕಾಗದ ಬರೆಯುತ್ತಿದ್ದೇನೆ.

ನೀನು ಗುರುತಿಸಿದ್ದು ಸರಿ. 1986ರ ‘ಅನುರಾಗ ಅರಳಿತು’ ಚಿತ್ರವನ್ನೇ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಎಂದು ತೆಗೆದರು. ನಾಯಕನ ಜಾಗಕ್ಕೆ ರಾಜ್‌ಕುಮಾರ್ ಬದಲು ರಜನೀಕಾಂತ್ ಬಂದರು, ನಾಯಕಿಯರು ಬದಲಾದರು, ನಿರ್ದೇಶಕರು ಬದಲಾದರು, ತಾಯಿ ಮಾತ್ರ ಬದಲಾಗಲಿಲ್ಲ. ಆ ಪಾತ್ರಕ್ಕೆ ಇನ್ನೊಬ್ಬರನ್ನು ಹುಡುಕುವ ಅಗತ್ಯ ಅವರಿಗೆ ಕಾಣಲಿಲ್ಲ ಎಂದೇ ನಾನು ತಿಳಿದಿದ್ದೇನೆ. ಆದರೂ ನೀನು ‘ಅಜ್ಜಿ’ ಎಂದಾಗ ನನ್ನ ಮನಸ್ಸಿಗೆ ಸ್ವಲ್ಪ ಚುರುಕ್ಕೆಂದಿತು. ನಿನ್ನ ತಪ್ಪಿಲ್ಲ, ಚಿತ್ರರಂಗ ನಿನ್ನ ತಲೆಮಾರಿಗೆ ಅವರನ್ನು ತೋರಿಸಿದ್ದೇ ಹಾಗೆ.

ಪಂಢರಿಬಾಯಿಯವರು ನಮ್ಮದೇ ಕರಾವಳಿಯ ಭಟ್ಕಳದವರು. ಮಂಗಳೂರು ದಾಟಿ ಉಡುಪಿ, ಕುಂದಾಪುರದ ಮೇಲೆ ಹೋಗುವ ರೈಲಿನಲ್ಲಿ ನಾವು ಮುರ್ಡೇಶ್ವರಕ್ಕೆ ಹೋದಾಗ ನೀನು ಆ ನಿಲ್ದಾಣವನ್ನು ಕಂಡಿದ್ದೀ. ಅವರ ಬಾಲ್ಯದಲ್ಲಿ ಭಟ್ಕಳವಿದ್ದ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೂ, ನಮ್ಮ ಕಾಸರಗೋಡು ಇದ್ದ ದಕ್ಷಿಣ ಕನ್ನಡ ಮದ್ರಾಸು ಪ್ರಾಂತಕ್ಕೂ ಸೇರಿದ್ದವು. 1956ರ ನವೆಂಬರ್ 1ರಂದು ಭಟ್ಕಳ ಮೈಸೂರು ರಾಜ್ಯಕ್ಕೆ ಬಂತು, ನಾವು ಕೇರಳಕ್ಕೆ ಹೋದೆವು. ಆ ದಿನ ಬರುವ ಹೊತ್ತಿಗೆ ಪಂಢರಿಬಾಯಿಯವರು ಸಿನಿಮಾಕ್ಕೆ ಬಂದು ಹದಿಮೂರು ವರ್ಷಗಳೇ ಕಳೆದಿದ್ದವು. ಕನ್ನಡನಾಡೆಲ್ಲ ಒಂದೇ ರಾಜ್ಯವಾಗಿರದಿದ್ದಾಗ, ಕನ್ನಡ ಚಿತ್ರಗಳು ಹೆಚ್ಚಾಗಿ ಮದ್ರಾಸಿನ ಸ್ಟುಡಿಯೋಗಳಲ್ಲಿಯೇ ತಯಾರಾಗುತ್ತಿದ್ದಾಗ, ಈ ಭಾಷೆಗೆ ತೆರೆಯ ಮೇಲೊಂದು ಮುಖ ಕೊಟ್ಟ ಕೆಲವೇ ಹೆಣ್ಣುಮಕ್ಕಳಲ್ಲಿ ಅವರೊಬ್ಬರು.

ಅವರದು ಹರಿಕಥೆಯ ಮನೆ. ಈ ಮಾತು ನನಗೆ ಬಹಳ ಮುಖ್ಯವಾಗಿ ಕಾಣುತ್ತದೆ. ನಮ್ಮಲ್ಲಿ ಯಕ್ಷಗಾನ ತಾಳಮದ್ದಳೆಯ ಅರ್ಥಧಾರಿ ವೇಷವಿಲ್ಲದೆ, ಕುಣಿತವಿಲ್ಲದೆ, ಕುಳಿತಲ್ಲೇ ಮಾತಿನಿಂದ ಒಂದು ಸಭೆಯನ್ನು ಕಟ್ಟಿಬಿಡುವುದನ್ನು ನೀನು ಚಿಕ್ಕಂದಿನಿಂದ ಎಡನೀರಿನಲ್ಲಿಯೂ ಮಧೂರಿನಲ್ಲಿಯೂ ನೋಡಿದ್ದೀ. ಹರಿಕಥೆಯ ದಾಸರದೂ ಅಂಥದೇ ಕಸುಬು: ಒಬ್ಬರೇ ನಿಂತು ರಾಜನಾಗಬೇಕು, ದಾಸಿಯಾಗಬೇಕು, ಅಳುವ ತಾಯಿಯಾಗಬೇಕು, ಮರುಗಳಿಗೆ ಹಾಡಬೇಕು. ಯಕ್ಷಗಾನದ ಕವಿ ಪಾರ್ತಿಸುಬ್ಬನ ಈ ನಾಡಿನಲ್ಲಿ ಸೀತೆಯ ವೇಷವನ್ನೂ ಗಂಡಸರೇ ಕಟ್ಟುತ್ತಿದ್ದ ಕಾಲದಲ್ಲಿ, ಅದೇ ಕರಾವಳಿಯ ಇನ್ನೊಂದು ತುದಿಯ ಹುಡುಗಿಯೊಬ್ಬಳು ಮಾತಿನ ಈ ವಿದ್ಯೆಯನ್ನು ಮನೆಯಲ್ಲೇ ಕಲಿತಳು. 1943ರಲ್ಲಿ, ಪಿಟೀಲು ವಿದ್ವಾಂಸ ಚೌಡಯ್ಯನವರ ‘ವಾಣಿ’ ಚಿತ್ರದಿಂದ ಅವರ ಸಿನಿಮಾ ಬದುಕು ಶುರುವಾಯಿತು. ನಿರ್ದೇಶಕರು ಕೆ. ಹಿರಣ್ಣಯ್ಯ. ಆಗ ಅವರಿಗೆ ನಿನ್ನ ಹೈಸ್ಕೂಲು ದಿನಗಳ ವಯಸ್ಸು.

ಆಮೇಲೆ ಒಂಬತ್ತು, ಹನ್ನೊಂದು ವರ್ಷಗಳ ನಂತರ ನಡೆದದ್ದನ್ನು ನೀನು ನಿನ್ನ ತಮಿಳು ಗೆಳತಿಗೂ ಹೇಳಬೇಕು. 1952ರಲ್ಲಿ ‘ಪರಾಶಕ್ತಿ’ ಬಂತು, ಶಿವಾಜಿ ಗಣೇಶನ್ ನಾಯಕರಾದ ಮೊದಲ ಚಿತ್ರ. 1954ರಲ್ಲಿ ‘ಬೇಡರ ಕಣ್ಣಪ್ಪ’ ಬಂತು, ಗುಬ್ಬಿ ನಾಟಕ ಕಂಪನಿಯ ಮುತ್ತುರಾಜ್ ಎಂಬ ನಟ ರಾಜ್‌ಕುಮಾರ್ ಎಂಬ ಹೆಸರಿನಲ್ಲಿ ನಾಯಕರಾದ ಮೊದಲ ಚಿತ್ರ. ಎರಡರಲ್ಲಿಯೂ ಎದುರಿಗಿದ್ದವರು ಪಂಢರಿಬಾಯಿ. ದಕ್ಷಿಣದ ಇಬ್ಬರು ಮಹಾನಟರು ಮೊದಲ ಸಲ ನಾಯಕರಾಗಿ ಕ್ಯಾಮೆರಾದ ಮುಂದೆ ನಿಂತಾಗ, ಅವರ ಎದುರು ಹೊಸಬಳಲ್ಲದ, ಕ್ಯಾಮೆರಾಗೆ ಹೆದರದ ಒಬ್ಬ ಹೆಣ್ಣುಮಗಳಿದ್ದಳು. ಮೊದಲ ಚಿತ್ರದ ನಟನಿಗೆ ಎದುರಿನವರು ಗಟ್ಟಿಯಾಗಿದ್ದರೆ ಎಷ್ಟು ಉಪಕಾರವಾಗುತ್ತದೆಂಬುದು ಅರ್ಥಗಾರಿಕೆ ಕೇಳಿ ಬೆಳೆದ ನಿನಗೆ ಗೊತ್ತು. ಎದುರಾಳಿ ಸಪ್ಪೆಯಾದರೆ ಕರ್ಣನೂ ಸಪ್ಪೆಯಾಗುತ್ತಾನೆ. ‘ಪರಾಶಕ್ತಿ’ಯಲ್ಲಿ ಶಿವಾಜಿಯವರ ಮಾತಿನ ಅಬ್ಬರವನ್ನು ಎಲ್ಲರೂ ಹೊಗಳುತ್ತಾರೆ. ಆದರೆ ತನ್ನ ತಂಗಿಯ ಕಷ್ಟವನ್ನಷ್ಟೇ ನೆನೆದು ಕುದಿಯುತ್ತಿರುವ ಆ ನಾಯಕನಿಗೆ, ಬೀದಿಯಲ್ಲಿರುವ ಉಳಿದ ತಂಗಿಯರು ಕಾಣುವುದಿಲ್ಲವೇ ಎಂದು ಕೇಳುವವಳು ವಿಮಲಾ, ಅಂದರೆ ಪಂಢರಿಬಾಯಿ. ದನಿ ಏರಿಸದೆ ಕೇಳುತ್ತಾರೆ.

ನಾನು ನಿನಗೆ ನೋಡಲು ಹೇಳುವುದು 1954ರ ಎರಡು ಚಿತ್ರಗಳನ್ನು, ಒಂದರ ಹಿಂದೆ ಒಂದರಂತೆ. ‘ಬೇಡರ ಕಣ್ಣಪ್ಪ’ದಲ್ಲಿ ಅವರು ನೀಲಾ, ಬೇಡ ದಿಣ್ಣನ ಹೆಂಡತಿ, ಕಾಡಿನ ಹೆಣ್ಣು. ಅದೇ ವರ್ಷ ತಮಿಳಿನಲ್ಲಿ ಎಸ್. ಬಾಲಚಂದರ್ ನಿರ್ದೇಶಿಸಿದ ‘ಅಂದ ನಾಳ್’ ಬಂತು. ಅದರಲ್ಲಿ ಒಂದೇ ಒಂದು ಹಾಡಿಲ್ಲ, ಕುಣಿತವಿಲ್ಲ. ಆ ಕಾಲದಲ್ಲಿ ಅಂಥ ಚಿತ್ರ ತೆಗೆಯುವ ಧೈರ್ಯವೇ ಅಪರೂಪ. ಯುದ್ಧದ ದಿನಗಳಲ್ಲಿ ಜಪಾನಿನವರಿಗೆ ಗುಟ್ಟು ಮಾರುತ್ತಿದ್ದ ರೇಡಿಯೋ ಎಂಜಿನಿಯರ್ ಒಬ್ಬನ ಕೊಲೆಯಾಗುತ್ತದೆ, ಕೊಂದವರು ಯಾರೆಂದು ಚಿತ್ರದುದ್ದಕ್ಕೂ ಹುಡುಕಾಟ. ಎಂಜಿನಿಯರ್ ಶಿವಾಜಿ, ಅವನ ಹೆಂಡತಿ ಉಷಾ ಪಂಢರಿಬಾಯಿ. ಕೊಂದವರು ಯಾರೆಂದು ನಾನು ಹೇಳುವುದಿಲ್ಲ. ಕೊನೆಯ ಭಾಗದಲ್ಲಿ ಉಷಾಳ ಮುಖವನ್ನು ಮಾತ್ರ ಗಮನಿಸಿ ನೋಡು. ಹಾಡಿನ ಆಸರೆಯಿಲ್ಲ, ಕಣ್ಣೀರಿನ ಆಸರೆಯೂ ಹೆಚ್ಚಿಲ್ಲ. ಪ್ರೀತಿಸಿದವನ ಬಗ್ಗೆ ತಿಳಿಯಬಾರದ್ದನ್ನು ತಿಳಿದ ಹೆಣ್ಣಿನ ಮುಖ ಹೇಗೆ ನಿಧಾನವಾಗಿ ಕಲ್ಲಾಗುತ್ತದೆಂಬುದನ್ನು ಅಲ್ಲಿ ಕಾಣಬಹುದು. ನನ್ನ ಲೆಕ್ಕದಲ್ಲಿ ಅವರ ಅತ್ಯುತ್ತಮ ಕೆಲಸ ಅದೇ.

ನಟನೆಯಷ್ಟೇ ಅಲ್ಲ, ಅವರು ತಮ್ಮ ಸಂಪಾದನೆಯನ್ನು ಕನ್ನಡ ಚಿತ್ರಗಳ ನಿರ್ಮಾಣಕ್ಕೂ ಹಾಕಿದರು. 1955ರ ‘ಸಂತ ಸಖು’, 1957ರ ‘ರಾಯರ ಸೊಸೆ’ ಅವರ ನಿರ್ಮಾಣದವು. ತಂಗಿ ಮೈನಾವತಿಯವರೂ ಹೆಸರಾಂತ ನಟಿಯಾದರು. ಹಿಂದಿಯಲ್ಲಿಯೂ ದಿಲೀಪ್ ಕುಮಾರ್ ಇದ್ದ 1959ರ ‘ಪೈಗಾಂ’ ಚಿತ್ರದಲ್ಲಿ ಪಂಢರಿಬಾಯಿಯವರನ್ನು ನೋಡಬಹುದು.

ಈಗ ನನ್ನನ್ನು ನೋಯಿಸುವ ವಿಷಯಕ್ಕೆ ಬರುತ್ತೇನೆ. 1968ರಲ್ಲಿ ‘ಕುಡಿಯಿರುಂದ ಕೋಯಿಲ್’ ಚಿತ್ರದಲ್ಲಿ ಅವರು ಎಂ.ಜಿ.ಆರ್. ಅವರ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ, ತಾಯಿಯಾದವರು ಮಗನಿಗಿಂತ ಹತ್ತು ವರ್ಷಕ್ಕೂ ಮಿಕ್ಕಿ ಚಿಕ್ಕವರು! 1973ರ ‘ಗೌರವಂ’ ಚಿತ್ರದಲ್ಲಿ ಶಿವಾಜಿಯವರದು ಎರಡು ಪಾತ್ರ, ಹಿರಿಯ ಬ್ಯಾರಿಸ್ಟರ್ ಮತ್ತು ಅವನು ಸಾಕಿದ ಮಗ. ಪಂಢರಿಬಾಯಿಯವರು ಒಂದೇ ಚಿತ್ರದಲ್ಲಿ ಅದೇ ನಟನಿಗೆ ಹೆಂಡತಿಯೂ ಹೌದು, ಸಾಕುತಾಯಿಯೂ ಹೌದು. 1954ರಲ್ಲಿ ರಾಜ್‌ಕುಮಾರರ ಹೆಂಡತಿಯಾಗಿದ್ದವರು 1986ರಲ್ಲಿ ಅವರ ತಾಯಿ. ಇಬ್ಬರೂ ಹೆಚ್ಚುಕಡಿಮೆ ಒಂದೇ ವಯಸ್ಸಿನವರು. ಗಂಡಸರಿಗೆ ಐವತ್ತಾದರೂ ನಾಯಕರ ಪಾತ್ರ ಕಾದಿರುತ್ತಿತ್ತು. ಜೊತೆಗೆ ಹೊರಟ ಹೆಣ್ಣುಮಗಳಿಗೆ ನಲವತ್ತು ತುಂಬುವ ಮೊದಲೇ ಬಿಳಿಯ ಕೂದಲು ಅಂಟಿಸುತ್ತಿದ್ದರು. ಇದು ಅನ್ಯಾಯ, ಮಗಳೇ. ಅವರು ತಾಯಿಯ ಪಾತ್ರವನ್ನು ಅಷ್ಟು ಚೆನ್ನಾಗಿ ಮಾಡಿದರು ಎನ್ನುವುದರಿಂದ ಆ ಅನ್ಯಾಯ ಕಡಿಮೆಯಾಗುವುದಿಲ್ಲ.

ಆದರೂ ಚೆನ್ನಾಗಿ ಮಾಡಿದರು ಎನ್ನುವುದು ನಿಜ. ‘ಮನ್ನನ್’ ಹಾಡನ್ನು ಇನ್ನೊಮ್ಮೆ ನೋಡುವಾಗ ರಜನೀಕಾಂತ್ ಅವರನ್ನು ಬಿಟ್ಟು ಇವರನ್ನು ನೋಡು. ಹಾಡು ಮಗನದು, ಯೇಸುದಾಸರ ಕಂಠ ಮಗನದು, ಸೇವೆ ಮಾಡುವವನೂ ಮಗನೇ. ಇವರಿಗೆ ಮಾತಿಲ್ಲ, ಕೆಲಸವಿಲ್ಲ, ಸೇವೆ ಮಾಡಿಸಿಕೊಳ್ಳುವುದಷ್ಟೇ. ಮಗನ ಕೈಯಿಂದ ಸೇವೆ ಮಾಡಿಸಿಕೊಳ್ಳುವ ತಾಯಿಗೆ ಸಂತೋಷದ ಜೊತೆಗೇ ಒಂದು ಸಂಕೋಚವೂ ಇರುತ್ತದೆ. ನಿನ್ನ ಅಜ್ಜಿಗೆ ನಾನು ದಿನಾ ಬೆಳಿಗ್ಗೆ ತಲೆ ಬಾಚುವಾಗ ಕುತ್ತಿಗೆಯನ್ನು ಸ್ವಲ್ಪ ಒಳಗೆಳೆದುಕೊಂಡು ಕೂರುತ್ತಾರಲ್ಲ, ಅದೇ ಸಂಕೋಚ. ಪಂಢರಿಬಾಯಿಯವರ ಮುಖದಲ್ಲಿ ನನಗೆ ಅದು ಕಾಣಿಸುತ್ತದೆ. ನಿನ್ನ ಗೆಳತಿ ಅತ್ತದ್ದು ಹಾಡಿಗೆ ಎಂದು ಅವಳು ಅಂದುಕೊಂಡಿರಬಹುದು.

ಮುಂದೆ ಅಪಘಾತವೊಂದರಲ್ಲಿ ಅವರು ಒಂದು ಕೈಯನ್ನು ಕಳೆದುಕೊಂಡರು. ತೀರಿಕೊಂಡದ್ದು 2003ರ ಜನವರಿ 29ರಂದು, ನೀನೀಗ ಇರುವ ಚೆನ್ನೈಯಲ್ಲಿಯೇ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನೀನೊಮ್ಮೆ ಬೇಸರಪಟ್ಟಿದ್ದೆ: ಬೆಂಗಳೂರಿನವರು ನಿನ್ನನ್ನು ಮಲಯಾಳಿ ಎನ್ನುತ್ತಾರೆ, ಎರ್ನಾಕುಳದವರು ಕನ್ನಡದವಳು ಎನ್ನುತ್ತಾರೆ, ಈಗ ತಮಿಳೂ ಬಾಯಿಗೆ ಬರುತ್ತಿದೆ, ನಾನು ಯಾವ ಊರಿನವಳು ಎಂದು. ಆಗ ನನಗೆ ಉತ್ತರ ಹೊಳೆದಿರಲಿಲ್ಲ. ಪಂಢರಿಬಾಯಿಯವರನ್ನು ತಮಿಳಿನವರು ತಮ್ಮ ಅಮ್ಮನೆಂದೇ ತಿಳಿದರು, ನಾವು ನಮ್ಮವರೆಂದೇ ತಿಳಿದೆವು. ಅವರು ಎರಡು ಕಡೆಯೂ ಆಯಾ ಭಾಷೆಯ ಮಾತನ್ನು ಅಕ್ಷರ ನುಂಗದೆ ಆಡಿದರು.

ವಿಷುವಿಗೆ ಬರುವಾಗ ನಿನ್ನ ಲ್ಯಾಪ್‌ಟಾಪ್ ತಾ, ‘ಬೇಡರ ಕಣ್ಣಪ್ಪ’ ಹಾಕೋಣ. ಅಜ್ಜಿಗೆ ಈಗ ಕಣ್ಣು ಪೂರಾ ಮಂಜಾಗಿದೆ, ತೆರೆಯ ಮೇಲಿನದು ಕಾಣುವುದಿಲ್ಲ. ಆದರೆ ಹೋದ ತಿಂಗಳು ಯಾವುದೋ ಹಳೆಯ ಚಿತ್ರದ ಮಾತು ಟಿ.ವಿ.ಯಲ್ಲಿ ಬರುತ್ತಿದ್ದಾಗ, ಚಾವಡಿಯಲ್ಲಿ ಅಡಿಕೆ ಸುಲಿಯುತ್ತಿದ್ದವರು ಕತ್ತಿ ನಿಲ್ಲಿಸಿ, “ಪಂಢರಿಬಾಯಿ ಅಲ್ಲವಾ ಅದು? ಸ್ವಲ್ಪ ಜೋರು ಮಾಡು” ಎಂದರು.

ಇತಿ,
ನಿನ್ನ ಅಮ್ಮ