ಚರ್ಚ್ ಸ್ಟ್ರೀಟ್‌ನಲ್ಲಿ ಕೂರಲು ಜಾಗವೆಲ್ಲಿ?

ಮಾನ್ಯ ಸಂಪಾದಕರೇ,

ಬೆಂಗಳೂರಿನ ಎಂ.ಜಿ. ರಸ್ತೆ, ಚರ್ಚ್ ಸ್ಟ್ರೀಟ್ ಭಾಗದ ಹಳೆಯ ಹೋಟೆಲುಗಳು ಒಂದೊಂದಾಗಿ ಮುಚ್ಚಿದವೆಂದು ನಮ್ಮಂಥ ಹಳಬರು ಹಲುಬುವುದು ವಾಡಿಕೆಯಾಗಿಬಿಟ್ಟಿದೆ. ಬಾಡಿಗೆ ಏರಿದಂತೆ, ಮಾಲೀಕರ ಮಕ್ಕಳು ಬೇರೆ ಕಸುಬು ಹಿಡಿದಂತೆ ಒಂದು ಹೋಟೆಲು ಮುಚ್ಚಿ ಅದೇ ಜಾಗದಲ್ಲಿ ಮತ್ತೊಂದು ತೆರೆಯುವುದು ಯಾವ ಪೇಟೆಗೂ ಹೊಸದಲ್ಲ, ಅದಕ್ಕಾಗಿ ನಾನು ಮರುಗುವುದೂ ಇಲ್ಲ. ಆದರೆ ಜೇಬಿನಲ್ಲಿ ಹೆಚ್ಚು ದುಡ್ಡಿಲ್ಲದವನು ಈ ಬೀದಿಯಲ್ಲಿ ಒಂದು ಗಳಿಗೆ ಕೂತು ಹೋಗುವ ಅವಕಾಶವೇ ಇಲ್ಲವಾಗುತ್ತಿರುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇನೆ.

ಎಂ.ಜಿ. ರಸ್ತೆಯಲ್ಲಿದ್ದ ಇಂಡಿಯಾ ಕಾಫಿ ಹೌಸ್ 2009ರಲ್ಲಿ ಆ ಕಟ್ಟಡ ಬಿಟ್ಟು ಚರ್ಚ್ ಸ್ಟ್ರೀಟಿಗೆ ಬಂದದ್ದು ಅನೇಕರಿಗೆ ನೆನಪಿರಬಹುದು. ನೌಕರರ ಸಹಕಾರ ಸಂಘವೇ ನಡೆಸುತ್ತಿದ್ದ ಆ ಹಳೆಯ ಜಾಗದಲ್ಲಿ, ಬಿಳಿಯ ಸಮವಸ್ತ್ರ ತೊಟ್ಟು ಪೇಟ ಸುತ್ತಿದ ಮಾಣಿ ಕಾಫಿ ತಂದಿಟ್ಟು ಹೋದನೆಂದರೆ, ನಾವಾಗಿ ಬಿಲ್ಲು ಕೇಳುವ ತನಕ ನಮ್ಮ ಮೇಜಿನತ್ತ ತಲೆ ಹಾಕುತ್ತಿರಲಿಲ್ಲ. ಕೆಲಸ ಹುಡುಕಿಕೊಂಡು ಅಲೆಯುತ್ತಿದ್ದ ದಿನಗಳಲ್ಲಿ ನಾನೂ ನನ್ನ ಗೆಳೆಯನೂ ಒಂದು ಬೈಟೂ ಕಾಫಿಯಲ್ಲಿ ಇಡೀ ಮಧ್ಯಾಹ್ನ ಕಳೆದದ್ದುಂಟು.

ಇತ್ತೀಚೆಗೆ ಒಂದು ಭಾನುವಾರ ಸಂಜೆ ಚರ್ಚ್ ಸ್ಟ್ರೀಟಿನ ಹೊಸ ಹೋಟೆಲೊಂದರಲ್ಲಿ ನನಗೂ ನನ್ನ ಹೆಂಡತಿಗೂ ಕುರ್ಚಿ ಸಿಗಲು ಮುಕ್ಕಾಲು ಗಂಟೆ ಹಿಡಿಯಿತು. ಬಾಗಿಲಲ್ಲಿದ್ದ ಹುಡುಗಿ ನಮ್ಮ ಹೆಸರು, ಮೊಬೈಲ್ ನಂಬರ್ ಬರೆದುಕೊಂಡು ಹೊರಗೆ ಕಾಯಲು ಹೇಳಿದಳು. ಹೊರಗೆ ಎಂದರೆ ಫುಟ್‌ಪಾತಿನಲ್ಲೇ ತಾನೆ? ಅಲ್ಲಿ ನಮ್ಮಂತೆಯೇ ಕಾಯುತ್ತಿದ್ದವರು ಇಪ್ಪತ್ತು ಮಂದಿ ಇದ್ದರು. ಅವರ ನಡುವೆ, ಬೆನ್ನಿಗೆ ಡಬ್ಬದಂಥ ಚೀಲ ಏರಿಸಿಕೊಂಡ ಡೆಲಿವರಿ ಹುಡುಗರು ಬೈಕುಗಳಿಗೆ ಒರಗಿ ಫೋನು ನೋಡುತ್ತಿದ್ದರು. ನಡೆದು ಹೋಗುವವರು ಇವರನ್ನೆಲ್ಲ ಬಳಸಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಒಳಗೆ ಹೋದ ಮೇಲೆ ಬರೀ ಎರಡು ಕಾಫಿ ಸಾಕೆಂದಾಗ ಮಾಣಿಯ ಮುಖ ಸಪ್ಪಗಾಯಿತು. ಅದರಲ್ಲಿ ಅವನ ತಪ್ಪೇನೂ ಇಲ್ಲ, ಅಲ್ಲಿನ ಬಾಡಿಗೆಗೆ ಕುರ್ಚಿಯೂ ದುಡಿಯಬೇಕಲ್ಲ!

ಹೋಟೆಲಿನ ಒಳಗೆ ಸಿಗದ ಈ ಬಿಡುವನ್ನು ಬೀದಿಯಾದರೂ ಕೊಡಬಹುದಿತ್ತು. ಟೆಂಡರ್‌ಶ್ಯೂರ್ ಯೋಜನೆಯಡಿ ಕೊಳವೆ, ಕೇಬಲುಗಳನ್ನೆಲ್ಲ ನೆಲದಡಿಗೆ ಸೇರಿಸಿ, ಕಲ್ಲು ಹಾಸಿ, ಫುಟ್‌ಪಾತ್ ಅಗಲಗೊಳಿಸಿ 2018ರಲ್ಲಿ ಈ ರಸ್ತೆಯನ್ನು ತೆರೆದದ್ದು ನಡೆಯುವವರಿಗಾಗಿ. 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯದಲ್ಲಿ ಇಲ್ಲಿ ವಾಹನ ಸಂಚಾರ ನಿಲ್ಲಿಸಿದಾಗ, ಮಕ್ಕಳು ರಸ್ತೆಯ ನಡುವೆ ಓಡಾಡಿದ್ದನ್ನೂ, ಪುಸ್ತಕದಂಗಡಿಯಿಂದ ಹೊರಬಂದವರು ಅಲ್ಲೇ ನಿಂತು ಪುಟ ತಿರುವಿದ್ದನ್ನೂ ನಾನೇ ಕಂಡಿದ್ದೇನೆ. ಆ ಪ್ರಯೋಗ ಮುಗಿದ ಮೇಲೆ ಕಲ್ಲುಹಾಸಿನ ಮೇಲೆ ಮತ್ತೆ ಕಾರುಗಳದ್ದೇ ಕಾರುಬಾರು.

ಶನಿವಾರ, ಭಾನುವಾರಗಳಂದು ಸಂಜೆ ನಾಲ್ಕರ ನಂತರವಾದರೂ ವಾಹನಗಳನ್ನು ತಡೆದು, ಡೆಲಿವರಿ ಬೈಕುಗಳಿಗೆ ರಸ್ತೆಯ ಎರಡೂ ತುದಿಗಳಲ್ಲಿ ನಿಲ್ದಾಣ ಗೊತ್ತುಮಾಡಬೇಕೆಂದು ನಗರ ಪಾಲಿಕೆಯನ್ನೂ ಸಂಚಾರ ಪೊಲೀಸರನ್ನೂ ಕೋರುತ್ತೇನೆ. ಬೀದಿಬದಿ ವ್ಯಾಪಾರಿಗಳ ಹಿತರಕ್ಷಣೆಗಾಗಿಯೇ 2014ರ ಕಾಯ್ದೆ ಇರುವಾಗ, ಜೋಳ, ಕಡಲೆಕಾಯಿ ಮಾರುವವರಿಗೂ ಅಲ್ಲಿ ಗುರುತಿಸಿದ ಜಾಗ ಸಿಗಬೇಕು. ಇನ್ನೂರು ರೂಪಾಯಿಯ ಕಾಫಿ ಬೇಡವೆನ್ನುವವರ ಹೊಟ್ಟೆಗೂ ಏನಾದರೂ ಬೇಕಲ್ಲವೇ? ಇನ್ನು ಕಾರು ನಿಲ್ಲಿಸಲು ಬಿಟ್ಟಿರುವ ಜಾಗದಲ್ಲಿ ಹತ್ತು ಕಾರುಗಳಷ್ಟನ್ನು ಕಡಿಮೆ ಮಾಡಿ ಅಲ್ಲಿ ಬೆಂಚು ಹಾಕಿಸಬೇಕು. ವಿನ್ಯಾಸಕಾರರನ್ನು ಕರೆಸುವ ಅಗತ್ಯವೇನೂ ಇಲ್ಲ, ಪಕ್ಕದ ಕಬ್ಬನ್ ಪಾರ್ಕಿನಲ್ಲಿರುವಂಥ ಕಲ್ಲುಬೆಂಚುಗಳೇ ಸಾಕು.

ಇಂತಿ,
ನಿವೃತ್ತ ಬ್ಯಾಂಕ್ ನೌಕರ, ಹಲಸೂರು, ಬೆಂಗಳೂರು