ಬಿಡುವು ಅಳಿದುಳಿದ ಹೊತ್ತಲ್ಲ

ಮಾನ್ಯ ಸಂಪಾದಕರೇ,

ದುಡಿಮೆಯ ಅವಧಿಯನ್ನು ಹೆಚ್ಚಿಸಬೇಕೇ ಬೇಡವೇ ಎಂಬ ಚರ್ಚೆ ಆಗಾಗ ತಲೆ ಎತ್ತುತ್ತದೆ. ಬಿಡುವಿನ ಪರ ಮಾತನಾಡುವವರೂ ಅಲ್ಲಿ ಬಹುತೇಕ ಒಂದೇ ವಾದ ಹೂಡುತ್ತಾರೆ: ಚೆನ್ನಾಗಿ ದಣಿವಾರಿಸಿಕೊಂಡವರು ಮರುದಿನ ಹೆಚ್ಚು ಕೆಲಸ ಮಾಡುತ್ತಾರೆ. ಮಾತು ಸುಳ್ಳಲ್ಲ. ಆದರೆ ಎತ್ತಿಗೆ ಮೇವು ಲೆಕ್ಕ ಹಾಕಿದಂತೆ ಮನುಷ್ಯರಿಗೆ ವಿರಾಮವನ್ನು ಅಳೆದುಕೊಡುವ ಈ ಧೋರಣೆಯನ್ನು ಒಪ್ಪುವುದು ನನಗೆ ಕಷ್ಟ.

1856ರಲ್ಲಿ ಮೆಲ್ಬರ್ನ್‌ನ ಕಲ್ಲುಕುಟಿಗರು ಕೆಲಸ ನಿಲ್ಲಿಸಿ ಬೀದಿಗಿಳಿದಾಗ ಅವರು ದಿನವನ್ನು ದುಡಿಮೆಗೆ ಎಂಟು, ವಿಶ್ರಾಂತಿಗೆ ಎಂಟು, ಮನರಂಜನೆಗೆ ಎಂಟು ಗಂಟೆಗಳೆಂದು ಮೂರು ಪಾಲು ಮಾಡಿದ್ದರು. ವಿಶ್ರಾಂತಿಯನ್ನೂ ಮನರಂಜನೆಯನ್ನೂ ಅವರು ಬೇರೆಬೇರೆಯಾಗಿ ಎಣಿಸಿದ್ದನ್ನು ಗಮನಿಸಬೇಕು. ನಿದ್ದೆ ದೇಹದ ದಣಿವನ್ನು ತೀರಿಸುತ್ತದೆ; ಹಾಡು, ಓದು, ಆಟ, ಗೆಳೆಯರೊಡನೆ ಹರಟೆ, ಸುಮ್ಮನೆ ಒಂದಷ್ಟು ದೂರದ ನಡಿಗೆ ಇವು ಬದುಕಿನ ಬೇರೆಯೇ ಹಸಿವನ್ನು ನೀಗಿಸುತ್ತವೆ. ಕೈಗಾರಿಕೆಗಳಿಗೆ ದಿನಕ್ಕೆ 8, ವಾರಕ್ಕೆ 48 ಗಂಟೆಗಳ ಮಿತಿ ಹಾಕಿದ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1919ರ ಒಪ್ಪಂದದ ಹಿಂದೆಯೇ, 1924ರಲ್ಲಿ ಅದೇ ಸಂಘಟನೆ ಕಾರ್ಮಿಕರ ಬಿಡುವಿನ ವೇಳೆಯ ಬಗ್ಗೆ ಪ್ರತ್ಯೇಕ ಶಿಫಾರಸನ್ನೇ ಅಂಗೀಕರಿಸಿತು. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 24ನೇ ವಿಧಿಯಂತೂ ವಿಶ್ರಾಂತಿಯನ್ನೂ ವಿರಾಮವನ್ನೂ ಪ್ರತಿಯೊಬ್ಬರ ಹಕ್ಕೆಂದೇ ಕರೆದಿದೆ.

ಹೀಗೆ ಹೋರಾಡಿ ಪಡೆದ ಮೂರನೆಯ ಪಾಲು ಈಗ ಎಲ್ಲಿ ಹೋಗುತ್ತಿದೆ? ಓಡಾಟಕ್ಕೆ ಒಂದಿಷ್ಟು, ಕೆಲಸ ಮುಗಿದ ಮೇಲೂ ಬರುವ ಸಂದೇಶಗಳಿಗೆ ಒಂದಿಷ್ಟು. ಉಳಿದದ್ದನ್ನು ನಾವೇ ಕೈಯಾರೆ ಮೊಬೈಲಿಗೆ ಒಪ್ಪಿಸುತ್ತೇವೆ. ಈ ಮಾತಿಗೆ ನಾನೂ ಹೊರತಲ್ಲ. ಪುಸ್ತಕ ಹಿಡಿದು ಎರಡು ಪುಟ ದಾಟುವುದರೊಳಗೆ ಬೆರಳು ಪರದೆಯನ್ನು ಹುಡುಕುತ್ತದೆ, ಗಂಟೆ ಕಳೆದ ಮೇಲೆ ಏನು ನೋಡಿದೆನೆಂದು ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಐದೈದು ನಿಮಿಷಗಳ ಚೂರುಗಳಾಗಿ ಒಡೆದುಹೋದ ಹೊತ್ತಿನಲ್ಲಿ ವಾದ್ಯ ನುಡಿಸುವುದನ್ನಾಗಲಿ, ಚಿತ್ರ ಬಿಡಿಸುವುದನ್ನಾಗಲಿ ಕಲಿಯುವುದು ಸಾಧ್ಯವಿಲ್ಲ.

ಇದಕ್ಕಿಂತ ದೊಡ್ಡ ಅನ್ಯಾಯ ಮನೆಯೊಳಗಿದೆ. ರಜಾದಿನವೆಂದರೆ ಮನೆಮಂದಿಗೆಲ್ಲ ಬಿಡುವು, ಆದರೆ ಅಡುಗೆ, ಬಟ್ಟೆ, ಮಕ್ಕಳು, ವೃದ್ಧರ ಆರೈಕೆಯ ಹೊಣೆ ಹೊತ್ತ ಹೆಂಗಸಿಗೆ ಅದೇ ವಾರದ ಅತಿ ಹೆಚ್ಚು ಕೆಲಸದ ದಿನ. ಆಕೆ ಅರ್ಧ ಗಂಟೆ ಸುಮ್ಮನೆ ಕುಳಿತರೆ ಮೈಗಳ್ಳತನವೆನ್ನುವ ನಾವು, ಗಂಡಸು ಕುಳಿತರೆ ಪಾಪ, ದಣಿದಿದ್ದಾನೆ ಎನ್ನುತ್ತೇವೆ.

ವಾರಕ್ಕೆ 55 ಗಂಟೆ ಅಥವಾ ಅದಕ್ಕೂ ಹೆಚ್ಚು ದುಡಿಯುವವರಲ್ಲಿ, 35ರಿಂದ 40 ಗಂಟೆ ದುಡಿಯುವವರಿಗಿಂತ ಪಾರ್ಶ್ವವಾಯುವಿನ ಅಪಾಯ ಸುಮಾರು ಶೇ 35ರಷ್ಟು ಹೆಚ್ಚೆಂದು ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಜಂಟಿಯಾಗಿ ತಿಳಿಸಿವೆ. ಕೆಲಸದ ವೇಳೆ ಮುಗಿದ ಬಳಿಕ ಸಂಪರ್ಕದಿಂದ ದೂರವಿರುವ ಹಕ್ಕಿಗೆ ಫ್ರಾನ್ಸ್ 2017ರಿಂದ ಕಾನೂನಿನಲ್ಲಿ ಜಾಗ ಕೊಟ್ಟಿದೆ. ಗಂಟೆಗಳ ಲೆಕ್ಕ ಹಾಕುವವರು ಇನ್ನು ಮುಂದಾದರೂ ರಾತ್ರಿ ಹತ್ತರ ಸಂದೇಶವನ್ನೂ ಸಂಬಳವಿಲ್ಲದ ಮನೆಗೆಲಸವನ್ನೂ ದುಡಿಮೆಯ ಕಡೆಗೇ ಬರೆದುಕೊಳ್ಳಲಿ.

ಇತಿ,
ಪತ್ರಿಕೆಯ ಓದುಗ